ಮುಕ್ಕಾಲು ಗಂಟೆ ಯಾರ ಲೆಕ್ಕ?

ದೇವನಹಳ್ಳಿಯ ಕೆಂಪೇಗೌಡ ವಿಮಾನ ನಿಲ್ದಾಣಕ್ಕೂ ಮೈಸೂರಿನ ಮಂಡಕಳ್ಳಿ ನಿಲ್ದಾಣಕ್ಕೂ ನಕ್ಷೆಯ ಮೇಲೆ ನೇರ ಗೆರೆ ಎಳೆದರೆ ಸುಮಾರು 157 ಕಿ.ಮೀ. ಗೆರೆ ಹಾಯುವುದು ಮಾಗಡಿ, ರಾಮನಗರ ಪಟ್ಟಣಗಳ ನಡುವೆ. ಅರ್ಧ ದಾರಿ ಮುಗಿಯುವುದು ನಮ್ಮ ರಾಮನಗರ ಸೀಮೆಯಲ್ಲೇ. ಎಟಿಆರ್ ವಿಮಾನ ಗಂಟೆಗೆ 500 ಕಿ.ಮೀ. ಹಾರಬಲ್ಲದು, ಇಪ್ಪತ್ತು ನಿಮಿಷ ಸಾಕಲ್ಲ ಅನ್ನಿಸೀತು. ಸಾಲದು. ನಿಂತ ಜಾಗದಿಂದ ರನ್‌ವೇವರೆಗೆ ಉರುಳಬೇಕು, ಸರದಿ ಕಾಯಬೇಕು, ಮೇಲೇರಿ ವೇಗ ಹಿಡಿಯುವಷ್ಟರಲ್ಲಿ ಇಳಿಯುವ ಸಿದ್ಧತೆ ಶುರು. ಟಿಕೆಟ್‌ನಲ್ಲಿ ಅಚ್ಚಾಗುವ ಹೊತ್ತು ಮುಕ್ಕಾಲು ಗಂಟೆಗಿಂತ ಕಡಿಮೆಯಾಗದು.

2010ರಲ್ಲಿ ಕಿಂಗ್‌ಫಿಷರ್ ಈ ಮಾರ್ಗದಲ್ಲಿ ವಿಮಾನ ಹಾರಿಸಿ ಮರುವರ್ಷವೇ ಕೈಬಿಟ್ಟಿತು. 2019ರಲ್ಲಿ ಅಲಯನ್ಸ್ ಏರ್ ಮತ್ತೆ ಶುರುಮಾಡಿತು. ಆಮೇಲೆ ನೆಲದ ಮೇಲಿನ ಲೆಕ್ಕವೂ ಬದಲಾಯಿತು: 2023ರ ಮಾರ್ಚ್‌ನಲ್ಲಿ ದಶಪಥ ಉದ್ಘಾಟನೆಯಾಗಿ, ಬೆಂಗಳೂರು–ಮೈಸೂರು 75 ನಿಮಿಷ ಎಂದು ಸಾರಲಾಯಿತು. ಕೆಂಗೇರಿಯವರೆಗೆ ಆ ಮಾತು ಹೆಚ್ಚುಕಡಿಮೆ ನಿಜವೇ. ಕೆಂಗೇರಿಯಿಂದ ದೇವನಹಳ್ಳಿಗೆ ಹೋಗಿ ನೋಡಿ, ಆಗ ತಿಳಿಯುತ್ತದೆ.

ನಮ್ಮವರ ಪಾಡು ಇದು. ಮಾಗಡಿ ತಾಲ್ಲೂಕಿನ ಕಲ್ಯದಿಂದ ದುಬೈಗೆ ಹೊರಟ ಹುಡುಗನ ಮನೆ ನೆನೆಸಿಕೊಳ್ಳಿ. ಬೆಳಗಿನ ಆರರ ವಿಮಾನ. ಮೂರು ಗಂಟೆ ಮೊದಲು ಅಲ್ಲಿರಬೇಕು, ದಾರಿ ಹೆಚ್ಚುಕಡಿಮೆ 80 ಕಿ.ಮೀ. ರಾತ್ರಿ ಹನ್ನೆರಡೂವರೆಗೇ ಬಾಡಿಗೆ ಕಾರು ಬಾಗಿಲಿಗೆ ಬಂದಿರುತ್ತದೆ. ಡಿಕ್ಕಿಯಲ್ಲಿ ಹಗ್ಗ ಬಿಗಿದ ಸೂಟ್‌ಕೇಸು, ಅವ್ವನ ಮಡಿಲಲ್ಲಿ ಚಟ್ನಿಪುಡಿ ಡಬ್ಬಿ. ಅವರು ಹೋಗಿ ಇಳಿಯುವುದು ಕೆಂಪೇಗೌಡರ 108 ಅಡಿ ಪ್ರತಿಮೆ ನಿಂತಿರುವ ನಿಲ್ದಾಣದಲ್ಲಿ. ಕೆಂಪೇಗೌಡರ ಸಮಾಧಿ ಇರುವ ಕೆಂಪಾಪುರ ಇದೇ ಮಾಗಡಿ ತಾಲ್ಲೂಕಿನಲ್ಲಿದೆ. ಇನ್ನು ರಾಮನಗರದವನೊಬ್ಬ ಹಟಕ್ಕೆ ಬಿದ್ದು ಮೈಸೂರಿಗೆ ವಿಮಾನದಲ್ಲೇ ಹೋದನೆನ್ನಿ: ದೇವನಹಳ್ಳಿಗೆ ಓಡಿ, ಅಲ್ಲಿ ಕಾದು, ತನ್ನೂರಿನ ಆಸುಪಾಸಿನ ಮೇಲೇ ಹಾರಿ ಹೋಗಬೇಕು. ಬಸ್ಸಿನಲ್ಲಿ ಹೋದವನು ಅಷ್ಟು ಹೊತ್ತಿಗೆ ಚಾಮುಂಡಿ ಬೆಟ್ಟ ಹತ್ತಿ ಇಳಿದಿರುತ್ತಾನೆ.

ಈಗ ಬೆಂಗಳೂರಿನ ಎರಡನೇ ವಿಮಾನ ನಿಲ್ದಾಣದ ಮಾತು. ದೇವನಹಳ್ಳಿ ನಿಲ್ದಾಣ ಶುರುವಾದದ್ದು 2008ರ ಮೇ ತಿಂಗಳಲ್ಲಿ. ಅದರ ಒಪ್ಪಂದದ ಪ್ರಕಾರ 25 ವರ್ಷ 150 ಕಿ.ಮೀ. ಒಳಗೆ ಇನ್ನೊಂದು ನಿಲ್ದಾಣಕ್ಕೆ ಎಡೆಯಿಲ್ಲ, ಮೈಸೂರು, ಹಾಸನ ಬಿಟ್ಟು. ಈ ನಿರ್ಬಂಧ ಮುಗಿಯುವುದು 2033ಕ್ಕೆ. ಸರ್ಕಾರ ಪಟ್ಟಿ ಮಾಡಿದ ಜಾಗಗಳಲ್ಲಿ ಎರಡು ಕನಕಪುರ ರಸ್ತೆಯಲ್ಲಿವೆ, ಚೂಡಹಳ್ಳಿ ಮತ್ತು ಸೋಮನಹಳ್ಳಿ. ಮೂರನೆಯದು ನೆಲಮಂಗಲ–ಕುಣಿಗಲ್ ರಸ್ತೆಯಲ್ಲಿ. 2025ರ ಏಪ್ರಿಲ್‌ನಲ್ಲಿ ವಿಮಾನ ನಿಲ್ದಾಣ ಪ್ರಾಧಿಕಾರದ ತಂಡ ಬಂದು ನೋಡಿಕೊಂಡು ಹೋಯಿತು.

ಚರ್ಚೆಯೆಲ್ಲ ನಡೆದಿರುವುದು ಬೆಟ್ಟ, ರನ್‌ವೇ, ಭೂಮಿಯ ಬೆಲೆಯ ಸುತ್ತ. ಅವೂ ಬೇಕು, ಬೇಡವೆನ್ನುವುದಿಲ್ಲ. ಆದರೆ ಜಾಗ ಎಲ್ಲಿ ಎಂಬ ಪ್ರಶ್ನೆಯನ್ನು ವಿಧಾನಸೌಧದಿಂದ ಟೇಪು ಹಿಡಿದು ಅಳೆಯುವುದು ತಪ್ಪು. ಕನಕಪುರ ರಸ್ತೆಗೆ ಬಂದರೆ ಸಾತನೂರಿಗೆ ಹತ್ತಿರ, ಮಾಗಡಿಯವರು ಅಡ್ಡದಾರಿ ಹುಡುಕಬೇಕು. ಕುಣಿಗಲ್ ರಸ್ತೆಗೆ ಹೋದರೆ ಕನಕಪುರದವರಿಗೆ ಸುತ್ತು. ಬೆಂಗಳೂರಿನ ಸುತ್ತ ಬರುತ್ತಿರುವ ರಿಂಗ್ ರಸ್ತೆ ಎಲ್ಲ ಕೂಡಿಸುತ್ತದೆ ಎನ್ನುವವರು ಅದು ಪೂರ್ತಿಯಾದ ಮೇಲೆ ಆ ಮಾತು ಹೇಳಲಿ. ಜಾಗ ಆರಿಸುವ ಅಂತಿಮ ವರದಿಯಲ್ಲಿ ಕಲ್ಯ, ಸಾತನೂರು, ಚನ್ನಪಟ್ಟಣ, ಬಿಡದಿಯಿಂದ ಹೊರಟವರು ಪ್ರತಿ ಜಾಗಕ್ಕೂ ಬಸ್ಸಿನಲ್ಲಿ ಎಷ್ಟು ಹೊತ್ತಿನಲ್ಲಿ ತಲುಪುತ್ತಾರೆ ಎಂಬ ಲೆಕ್ಕ ಇರಲೇಬೇಕು. ಈ ಊರುಗಳ ಶಾಸಕರು ಅದನ್ನು ಸದನದಲ್ಲಿ ಕೇಳಲಿ.