ಕಾಡಿನ ಗೂಡು ಗಟ್ಟಿ; ಹಾಗೆಂದು ಮೇಲೇ?

ಬಂಡೀಪುರದ ಮತ್ತಿ ಮರದಲ್ಲಿ ತೂಗುವ ಟಸಾರ್ ಪತಂಗದ ಗೂಡನ್ನು ಚಾಮರಾಜನಗರ, ಕೊಳ್ಳೇಗಾಲದ ರೈತರು ಸಾಕುವ ಹಿಪ್ಪುನೇರಳೆ ರೇಷ್ಮೆಗೂಡಿನ ಪಕ್ಕದಲ್ಲಿಟ್ಟರೆ ಒಂದು ತೀರ್ಮಾನ ಸುಲಭವಾಗಿ ಬಾಯಿಗೆ ಬರುತ್ತದೆ: ಕಾಡಿನದು ಗಟ್ಟಿ, ಸಾಕಿದ್ದು ಕುಲಗೆಟ್ಟು ಮೆತ್ತಗಾಗಿದೆ. ಮೊದಲ ಮಾತು ನಿಜ. ಎರಡನೆಯದು ಮಾತ್ರ ಅದರಿಂದ ಹುಟ್ಟುವುದಿಲ್ಲ.

ಏಕೆಂದರೆ ಇವು ಒಂದೇ ಹುಳುವಿನ ಎರಡು ರೂಪಗಳಲ್ಲ, ಬೇರೆ ಬೇರೆ ಕುಟುಂಬದ ಜೀವಿಗಳು. ಸುಮಾರು 5000 ವರ್ಷಗಳಿಂದ ಮನುಷ್ಯನ ಆಶ್ರಯದಲ್ಲಿರುವ ರೇಷ್ಮೆಹುಳುವಿನ ಕಾಡುಮೂಲ ಬಾಂಬಿಕ್ಸ್ ಮ್ಯಾಂಡರಿನಾ ಇರುವುದು ಪೂರ್ವ ಏಷ್ಯಾದಲ್ಲಿ. ಅದರ ಗೂಡು ಚಿಕ್ಕದು, ಅದರಲ್ಲಿ ರೇಷ್ಮೆಯೂ ಕಡಿಮೆ. ನ್ಯಾಯವಾಗಿ ಹೋಲಿಸಬೇಕಾದದ್ದು ಅದರೊಡನೆ. ಹೋಲಿಸಿದರೆ ‘ಕುಲಗೆಟ್ಟಿತು’ ಎಂಬ ಮಾತು ನಿಲ್ಲುವುದಿಲ್ಲ.

ಹಾಗಾದರೆ ಮನುಷ್ಯ ಗೂಡನ್ನು ಸುಧಾರಿಸಿದನೇ? ಅದನ್ನೂ ಅಷ್ಟು ಬೇಗ ಒಪ್ಪಲಾರೆ. ಟಸಾರ್ ಹುಳು ರೇಷ್ಮೆಯಲ್ಲೇ ತೊಟ್ಟು ಹೆಣೆದು, ಅದನ್ನು ಕೊಂಬೆಗೆ ಬಳೆಯಂತೆ ತೊಡಿಸುತ್ತದೆ. ಎಲೆಯುದುರಿ ಕಾಡು ಒಣಗಿದರೂ ಗೂಡು ಬೀಳದು. ಒಳಗಿನ ಕೋಶ ಮಳೆಗೆ ಕಾಯುತ್ತದೆ. ಗೂಡು ಕಟ್ಟಿಸುವ ಚಂದ್ರಿಕೆ ತಟ್ಟೆಗೆ ಬಿಟ್ಟ, ಮಾಗಿದ ಹಣ್ಣುಹುಳುವಿಗೆ ಈ ಯಾವ ಏರ್ಪಾಡೂ ಬೇಕಿಲ್ಲ. ಬಿಸಿಲು, ಹಕ್ಕಿ, ಇರುವೆಗಳಿಂದ ಕಾಯುವ ಹೊಣೆ ರೈತನದು. ಟಸಾರ್ ಗೂಡು ಮೆತ್ತಗಾಗಲು ಸೋಡಾ ಹಾಕಿ ಬೇಯಿಸಬೇಕು; ಸಾಕಿದ ಗೂಡು ಬಿಸಿನೀರಿಗೇ ಬಿಚ್ಚಿಕೊಳ್ಳುತ್ತದೆ. ನೂಲು ತೆಗೆಯುವವರಿಗೆ ಅನುಕೂಲವಾದ ಈ ಗುಣ ಕಾಡಿನಲ್ಲಿ ಹುಳುವಿನ ಪ್ರಾಣಕ್ಕೇ ಕುತ್ತಾದೀತು.

ಸಾಕಿದ ತಳಿಗಳೊಳಗೂ ಶ್ರೇಷ್ಠತೆ ಇಷ್ಟೇ ಜಾರುತ್ತದೆ. ಒಳ್ಳೆಯ ದ್ವಿತಳಿ ಗೂಡಿನ ಎಳೆ ಸುಮಾರು 1000 ಮೀಟರ್. ಹಳದಿ-ಹಸಿರು ಬಣ್ಣದ ಮೈಸೂರು ತಳಿಯದು 400ರ ಆಸುಪಾಸು. ಆದರೂ ಮೈಸೂರು ತಳಿಯನ್ನು ಕೈಬಿಟ್ಟಿಲ್ಲ. ಸೆಕೆ ತಡೆಯುವ ಅದರ ಗುಣಕ್ಕಾಗಿ ಮಿಶ್ರತಳಿಗೆ ಅದೇ ತಾಯಿ.

ಗಟ್ಟಿ ಗೂಡು ಎಂದರೆ ಸುರಕ್ಷಿತ ಗೂಡು ಎಂಬುದನ್ನೂ ಪೂರ್ತಿ ನಂಬುವಂತಿಲ್ಲ. ರೇಷ್ಮೆಹುಳುವಿನ ಪರಾವಲಂಬಿ ಶತ್ರುವಾದ ಊಜಿ ನೊಣ ಮೊಟ್ಟೆಯಿಡುವುದು ಹುಳುವಿನ ಮೈಮೇಲೆ, ಗೂಡು ಕಟ್ಟುವ ಮುಂಚೆ. ಟಸಾರ್ ಹುಳುವಿಗೂ ಅದರದೇ ಊಜಿಯ ಕಾಟವಿದೆ. ಶತ್ರು ಮೊದಲೇ ಒಳಗಿದ್ದರೆ ಗೋಡೆಯ ದಪ್ಪದಿಂದೇನು?

ಸಾಕಿದ ಪತಂಗ ಹಾರಲಾರದು, ಇದು ನಷ್ಟವಲ್ಲವೇ ಎಂದು ನೀವು ಕೇಳಬಹುದು. ಖಂಡಿತ ನಷ್ಟವೇ. ಆದರೆ ಅದು ರೆಕ್ಕೆಯ ಲೆಕ್ಕಕ್ಕೆ ಸೇರಿದ್ದು. ಗೂಡಿನ ಮೇಲೆ ದೂರು ಹೊರಿಸಲು ಬೇರೆಯೇ ಪುರಾವೆ ಬೇಕು.