ನಿರಾಶ್ರಿತ ಅನ್ನೋ ಪದ ಮತ್ತು ನಮ್ಮ ಕಾರವಾರ ಟ್ರಿಪ್

ಹುಬ್ಬಳ್ಳಿಯವರಿಗೆ ಫ್ರೆಂಡ್ಸ್ ಜೊತೆ ಅಂದ್ರೆ ಗೋವಾ, ಮನೆಯವರ ಜೊತೆ ಅಂದ್ರೆ ಕಾರವಾರ. ಬೆಳಿಗ್ಗೆ ಐದಕ್ಕೆ ಬಿಟ್ಟರೆ ಯಲ್ಲಾಪುರದಲ್ಲಿ ಚಹಾ, ಅರಬೈಲ್ ಘಾಟಿನಲ್ಲಿ ಯಾರಾದರೊಬ್ಬರಿಗೆ ವಾಂತಿ, ಅಂಕೋಲಾ ಬರುವಷ್ಟರಲ್ಲಿ ಎಲ್ಲರಿಗೂ ಹಸಿವು. ರಾತ್ರಿ ಹನ್ನೊಂದಕ್ಕೆ ಚಪ್ಪಲಿ ತುಂಬ ಮರಳು ತಗೊಂಡು ವಾಪಸ್ ಮನೆ. ಈ ಸೆಮಿಸ್ಟರ್ ರಜೆಯಲ್ಲಿ ನಾವೂ ಹಾಗೇ ಹೋಗಿ ಬಂದ್ವಿ. ಬಾಡಿಗೆ ಗಾಡಿ. ಅಜ್ಜಿ, ಅಪ್ಪ, ಅಮ್ಮ, ಕಾಕಾ, ಕಾಕು, ಎರಡು ಡಬ್ಬಿ ತುಂಬ ರೊಟ್ಟಿ ಮತ್ತು ಶೇಂಗಾ ಚಟ್ನಿ. ಹಿಂದಿನ ಸೀಟಿನಲ್ಲಿ ನಾವಿಬ್ಬರು ಅಣ್ಣ-ತಮ್ಮಂದಿರ ಮಕ್ಕಳು, ಇಬ್ಬರೂ ಸೆಕೆಂಡ್ ಇಯರ್ ಸಿವಿಲ್.

ಅಂಕೋಲಾ ದಾಟಿ ಕಾರವಾರದ ಕಡೆ ಹೋಗುವಾಗ ರಸ್ತೆಯ ಎಡಕ್ಕೆ ಒಂದು ಗೋಡೆ ಶುರುವಾಗುತ್ತೆ. ಮೇಲೆ ಮುಳ್ಳುತಂತಿ. ಆ ಗೋಡೆ ಮುಗಿಯೋದೇ ಇಲ್ಲ ಅನ್ನಿಸುತ್ತೆ. ಅದು ನೌಕಾನೆಲೆ, ಐಎನ್‌ಎಸ್ ಕದಂಬ. ನಮಗೆ ಒಳ್ಳೆ ಚಾನ್ಸ್ ಸಿಕ್ತು. ಮೊಬೈಲ್ ಪಕ್ಕಕ್ಕಿಟ್ಟು ಮನೆಯವರಿಗೆ ಪಾಠ ಶುರು ಮಾಡಿದ್ವಿ. ಪ್ರಾಜೆಕ್ಟ್ ಸೀಬರ್ಡ್, 1986ರಲ್ಲಿ ರಾಜೀವ್ ಗಾಂಧಿ ಅಡಿಗಲ್ಲು ಹಾಕಿದ್ದು, 2005ರಲ್ಲಿ ನೆಲೆ ಕಾರ್ಯಾರಂಭ ಮಾಡಿದ್ದು, ವಿಕ್ರಮಾದಿತ್ಯ ಇಲ್ಲೇ ನಿಲ್ಲೋದು, ಹಡಗನ್ನೇ ನೀರಿನಿಂದ ಮೇಲೆತ್ತುವ ಶಿಪ್‌ಲಿಫ್ಟ್ ಇರೋದು. ಕಾಕಾ ಹೆಮ್ಮೆಯಿಂದ ತಲೆ ಆಡಿಸ್ತಾ ಇದ್ರು. ಅಜ್ಜಿಗೆ ಇದ್ಯಾವುದೂ ಬೇಕಿರಲಿಲ್ಲ. ಅವರು ಡ್ರೈವರ್ ಅಣ್ಣನನ್ನು ಮಾತಾಡಿಸಿದರು.

"ತಮ್ಮಾ, ನಿಮ್ಮ ಊರು ಯಾವದಪ್ಪಾ?"

"ಇದ ಅಜ್ಜಿ," ಅಂದ ಅಣ್ಣ, ಸ್ಟೇರಿಂಗ್ ಬಿಡದೆ ಗದ್ದದಿಂದ ಗೋಡೆ ಕಡೆ ತೋರಿಸಿ. "ಈಗ ಕಾಣಂಗಿಲ್ಲ. ನಾವು ಸೀಬರ್ಡ್ ನಿರಾಶ್ರಿತರು."

ನಮ್ಮ ಪಾಠ ಅಲ್ಲಿಗೆ ನಿಂತಿತು.

ಇಲ್ಲಿ ಒಂದು ವಿಷಯ ಒಪ್ಪಿಕೊಳ್ಳಬೇಕು. ಎಲ್‌ಕೆಜಿಯಿಂದ ಇಂಗ್ಲಿಷ್ ಮೀಡಿಯಂನಲ್ಲಿ ಓದಿದ ನಮಗೆ ನಿರಾಶ್ರಿತರು ಅಂದ್ರೆ ಬೇರೆ ದೇಶದಿಂದ ಬಂದವರು. ಮುಂಡಗೋಡದ ಟಿಬೆಟನ್ನರು ಅಂದ್ಕೊಳ್ಳಿ. ಸ್ವಂತ ದೇಶದಲ್ಲಿ, ಸ್ವಂತ ಜಿಲ್ಲೆಯಲ್ಲಿ, ಹುಟ್ಟಿದ ಮನೆಯಿಂದ ಸ್ವಲ್ಪ ದೂರದಲ್ಲೇ ಇದ್ದುಕೊಂಡು ಒಬ್ಬರು ಹಾಗೆ ಕರೆಸಿಕೊಳ್ಳಬಹುದು ಅಂತ ನಮಗೆ ಹೊಳೆದೇ ಇರಲಿಲ್ಲ. ನಮ್ಮ ನೋಟ್ಸ್‌ನಲ್ಲಿ ಇದಕ್ಕೆ ಇರೋ ಪದ ರಿಹ್ಯಾಬಿಲಿಟೇಶನ್. ಎರಡು ಮಾರ್ಕ್ಸಿನ ಪ್ರಶ್ನೆ. ಕಾರವಾರದಲ್ಲಿ ಮಾತ್ರ ಜನ ತಮ್ಮ ಹೆಸರಿನಷ್ಟೇ ಸಲೀಸಾಗಿ ಹೇಳ್ತಾರೆ, ಸೀಬರ್ಡ್ ನಿರಾಶ್ರಿತರು ಅಂತ.

ಅಣ್ಣ ಆಗ ಹೈಸ್ಕೂಲಿನಲ್ಲಿದ್ದನಂತೆ. ಮನೆಮಾತು ಕೊಂಕಣಿ, ಹುಬ್ಬಳ್ಳಿಗೆ ಬಂದು ಇಪ್ಪತ್ತು ವರ್ಷದ ಮೇಲಾಯ್ತು, ಈಗ ಅವನ ಕನ್ನಡ ನಮಗಿಂತ ಹುಬ್ಬಳ್ಳಿ ಕನ್ನಡ. "ಸೈಟ್ ಕೊಟ್ರು, ಮನಿ ಕಟ್ಟಿದ್ವಿ. ಆದ್ರ ಅಪ್ಪಗ ದೋಣಿ ಇಡಾಕ ಜಾಗ ಇರಲಿಲ್ಲ," ಅಂದ. ಆ ದೋಣಿ ಏನಾಯ್ತು ಅಂತ ಅಜ್ಜಿ ಕೇಳಿದರು. ಮಾರಿದ್ರಂತೆ. ಅಪ್ಪ ಮೆಲ್ಲಗೆ, "ದೇಶಕ್ಕ ಬೇಕಾಗಿತ್ತಲ್ರಿ," ಅಂದ್ರು. "ಹೌದ್ರಿ ಸರ, ಬೇಕಾಗಿತ್ತು. ಕೊಟ್ವಿ," ಅಂದವನೇ ಮುಂದಿದ್ದ ಲಾರಿಯನ್ನು ಓವರ್‌ಟೇಕ್ ಮಾಡಿದ. ಬಿಣಗಾ ಬಂತು, ಸುರಂಗ ಬಂತು, ಊರು ಬಂತು.

ಉಳಿದ ದಿನ ಎಲ್ಲರ ಟ್ರಿಪ್ ಇದ್ದ ಹಾಗೇ ಇತ್ತು. ಟ್ಯಾಗೋರ್ ಬೀಚು, ಐಎನ್‌ಎಸ್ ಚಪಲ್ ಎದುರು ಗ್ರೂಪ್ ಫೋಟೋ, ಕಾಕಾ ಒಬ್ಬರಿಗೇ ಮೀನೂಟ. (ನಮಗೂ ಆಸೆ ಇತ್ತು, ಅಜ್ಜಿ ಎದುರಿಗಿದ್ದರು.) ಮಧ್ಯಾಹ್ನ ನಮ್ಮ ಹಠಕ್ಕೆ ಎಲ್ಲರೂ ಕಾಳಿ ಸೇತುವೆಗೆ ಬಂದ್ರು. 2024ರ ಆಗಸ್ಟ್ 7ರ ನಡುರಾತ್ರಿ ಹಳೇ ಸೇತುವೆ ಕುಸಿದು ಲಾರಿಯೊಂದು ನದಿಗೆ ಬಿತ್ತಲ್ಲ, ಅದೇ ಜಾಗ. ಕತ್ತಲಲ್ಲಿ ಆ ಲಾರಿ ಚಾಲಕನನ್ನು ಜೀವಂತ ಮೇಲೆತ್ತಿದ್ದರಲ್ಲಿ ಪೊಲೀಸರ ಜೊತೆ ಸ್ಥಳೀಯ ಮೀನುಗಾರರೂ ಇದ್ದರು. ನಲವತ್ತು ವರ್ಷ ಹಳೆಯ ಸೇತುವೆ. ಉಪ್ಪುಗಾಳಿಗೆ ಒಳಗಿನ ಕಬ್ಬಿಣ ತುಕ್ಕು ಹಿಡಿದಿತ್ತಾ, ಕಂಬಗಳ ಬುಡದ ಮಣ್ಣು ಕೊಚ್ಚಿ ಹೋಗಿತ್ತಾ ಅಂತ ನಾವಿಬ್ಬರು ಅಲ್ಲೇ ವಾದ ಮಾಡಿದ್ವಿ. ಖುಷಿ ಆಯ್ತು, ಓದಿದ್ದು ಎಲ್ಲೋ ಉಪಯೋಗಕ್ಕೆ ಬರುತ್ತೆ ಅಂತ.

ಆದರೆ ಆ ಖುಷಿಯೇ ಆಮೇಲೆ ಕೊರೆಯೋಕೆ ಶುರುವಾಯ್ತು. ಒಂದು ಸೇತುವೆ ಬಿದ್ದರೆ ಮರುವಾರವೇ ನಮ್ಮ ಕ್ಲಾಸಿನಲ್ಲಿ ಚರ್ಚೆ ಆಗುತ್ತೆ. ಯಾಕೆ ಬಿತ್ತು, ಯಾರ ತಪ್ಪು, ಲೆಕ್ಕದಲ್ಲಿ ಎಲ್ಲಿ ಎಡವಿದರು. ಅದೇ ಜಿಲ್ಲೆಯಲ್ಲಿ ಎಷ್ಟೋ ಹಳ್ಳಿಗಳ ಸಾವಿರಾರು ಕುಟುಂಬಗಳು ಎದ್ದು ಹೋದವು, ಪರಿಹಾರದ ಕೇಸುಗಳು ದಶಕಗಟ್ಟಲೆ ಕೋರ್ಟಿನಲ್ಲಿ ನಡೆದವು. ಅದು ಯಾವ ಸಬ್ಜೆಕ್ಟಿನಲ್ಲೂ ಇಲ್ಲ. ಯಾಕಂದ್ರೆ ನಮ್ಮ ಲೆಕ್ಕದಲ್ಲಿ ಅಲ್ಲಿ ಏನೂ ಫೇಲ್ ಆಗಿಲ್ಲ. ಡ್ರಾಯಿಂಗ್ ಶೀಟಿನಲ್ಲಿ ಕೆಡವಬೇಕಾದ ಕಟ್ಟಡವನ್ನು ತುಂಡು ಗೆರೆಯಲ್ಲಿ ತೋರಿಸ್ತೀವಿ. ಆ ಗೆರೆ ನೀಟಾಗಿ ಬಂದಿಲ್ಲ ಅಂತ ನಮಗೆ ಮಾರ್ಕ್ಸ್ ಕಟ್ ಆಗಿದ್ದುಂಟು. ಅದರೊಳಗೆ ಯಾರಿದ್ದರು ಅಂತ ಯಾರೂ ಕೇಳಿಲ್ಲ, ನಾವೂ ಕೇಳಿಲ್ಲ.

ನೌಕಾನೆಲೆ ಬೇಡವಾಗಿತ್ತು ಅಂತ ನಾವು ಹೇಳ್ತಿಲ್ಲ. ಅದನ್ನು ಹೇಳೋಕೆ ನಮಗೆ ಅರ್ಹತೆಯೂ ಇಲ್ಲ, ದೋಣಿ ಮಾರಿದವರ ಮಗನೇ ಹಾಗೆ ಹೇಳಲಿಲ್ಲ. ನಮ್ಮ ತಕರಾರು ನಮ್ಮ ಓದಿನ ಬಗ್ಗೆ. 2020ರ ಜನವರಿಯಲ್ಲಿ ಸಾಗರಮಾಲಾ ಅಡಿಯಲ್ಲಿ ಕಾರವಾರ ಬಂದರು ವಿಸ್ತರಣೆ ಶುರುವಾದಾಗ ಮೀನುಗಾರರು ಬೀದಿಗಿಳಿದಿದ್ದರು. ಆಗ ನಾವು ಸ್ಕೂಲಿನಲ್ಲಿದ್ವಿ, ಸುದ್ದಿ ಕೇಳಿದ ನೆನಪೂ ಇಲ್ಲ. ಮೊನ್ನೆ ಅದರ ಬಗ್ಗೆ ಓದುವಾಗ ನಮ್ಮ ಹಾಸ್ಟೆಲ್ ಗೆಳೆಯನೊಬ್ಬ, "ಡೆವಲಪ್‌ಮೆಂಟ್ ಬೇಡ ಅಂದ್ರೆ ಹೆಂಗೆ?" ಅಂದ. ಹೋದ ತಿಂಗಳಾಗಿದ್ರೆ ನಾವೂ ಅದನ್ನೇ ಅಂತಿದ್ವಿ. ಒಂದು ಸಲ ಕರಾವಳಿಯ ಅಷ್ಟು ದೊಡ್ಡ ಭಾಗ ಗೋಡೆಯ ಹಿಂದೆ ಹೋದದ್ದನ್ನು ನೋಡಿದ ಊರು, ಎರಡನೇ ಸಲ ನಕ್ಷೆ ಬಂದಾಗ ಮೊದಲು ನೋಡೋದು ದೋಣಿ ಇಡೋ ಜಾಗ ಎಲ್ಲಿ ಅಂತಲೇ. ಇದನ್ನು ಅರ್ಥ ಮಾಡಿಕೊಳ್ಳೋಕೆ ಎಂಜಿನಿಯರಿಂಗ್ ಬೇಕಿಲ್ಲ. ಆದರೆ ಎಂಜಿನಿಯರ್ ಆಗೋರಿಗೆ ಇದು ಗೊತ್ತಿಲ್ಲದಿದ್ದರೆ ಕಷ್ಟ.

ವಾಪಸ್ ಬರುವಾಗ ಕತ್ತಲಾಗಿತ್ತು. ಗೋಡೆ ಮತ್ತೆ ಬಂತು, ಈ ಸಲ ಬಲಕ್ಕೆ. ಅಜ್ಜಿ ಕೇಳಿದರು, "ಮನಿ ಮುಂದ ಗಿಡ ಇದ್ವೇನಪ್ಪಾ?" ಹನ್ನೊಂದು ತೆಂಗಿನಮರ ಇದ್ದವಂತೆ. ಎಣಿಸೋಕೆ ಅಣ್ಣನಿಗೆ ಒಂದು ಸೆಕೆಂಡೂ ಬೇಕಾಗಲಿಲ್ಲ.

ಮುಂದಿನ ಸೆಮಿಸ್ಟರ್‌ನಲ್ಲಿ ನಮ್ಮ ಡಿಪಾರ್ಟ್‌ಮೆಂಟಿನ ಇಂಡಸ್ಟ್ರಿಯಲ್ ವಿಸಿಟ್ ಇದೆ, ಲಿಸ್ಟಿನಲ್ಲಿ ಕಾರವಾರ ಬಂದರೂ ಇದೆ. ಬಂದರಿಗೆ ಅರ್ಧ ದಿನ ಸಾಕು, ಇನ್ನರ್ಧ ದಿನ ಪುನರ್ವಸತಿ ಕಾಲೊನಿಗೆ ಹೋಗಿ ಅಲ್ಲಿನ ಹಿರಿಯರ ಹತ್ತಿರ ಕೂತು ಕೇಳೋಣ ಅಂತ ನಾವು ಒಂದು ಅರ್ಜಿ ಕೊಟ್ಟಿದ್ವಿ. ರಿಪೋರ್ಟಿನ ಯಾವ ಕಾಲಮ್ಮಿಗೂ ಅದು ಹೊಂದಲ್ಲ ಅನ್ನೋ ಉತ್ತರ ಬಂತು. ಇನ್ನೊಂದು ಅರ್ಜಿ ಬರೀತಾ ಇದ್ದೀವಿ, ಈ ಸಲ ಕನ್ನಡದಲ್ಲಿ. ಸಹಿ ಹಾಕೋರು ಶುಕ್ರವಾರದೊಳಗೆ ಸಂಘದ ರೂಮಿಗೆ ಬನ್ನಿ. ಡ್ರೈವರ್ ಅಣ್ಣನನ್ನೂ ಕೇಳಿದ್ದೀವಿ, ಬರ್ತೀನಿ ಅಂದಿದ್ದಾನೆ.