ಕೈಗೆಲಸವೂ ವಿದ್ಯೆಯೇ

ಕೊಕ್ಕೆಸೂಜಿಯ ಕ್ರೋಶಾ ಹೆಣಿಗೆಯನ್ನು ಬರಿಯ ಬಿಡುವಿನ ವಿನೋದವೆಂದು ಬಗೆಯುವವರೇ ಹೆಚ್ಚು. ಆದರೆ ಗೊಂಬೆಯೊಂದರ ತಲೆಯನ್ನು ಹೆಣೆಯುವಲ್ಲಿ ಗಣಿತವೇ ಅಡಗಿದೆ. ಮೊದಲ ಸುತ್ತಿಗೆ 6 ಹೆಣಿಕೆ, ಎರಡನೆಯದಕ್ಕೆ 12, ಮೂರನೆಯದಕ್ಕೆ 18. ಹೀಗೆ ಏರಿಸಿದರೆ ವೃತ್ತ ಹರಡುತ್ತದೆ, ಏರಿಕೆ ನಿಲ್ಲಿಸಿದರೆ ಗೋಡೆಯೇಳುತ್ತದೆ, ಇಳಿಸಿದರೆ ಚೆಂಡಾಗಿ ಮುಚ್ಚಿಕೊಳ್ಳುತ್ತದೆ. ಲೆಕ್ಕ ತಪ್ಪಿದಲ್ಲಿ ಬಿಚ್ಚಿ ಮತ್ತೆ ಹೆಣೆಯಬಹುದು, ನೂಲು ನಷ್ಟವಾಗದು.

ಕೌದಿ ಹೊಲಿಯುವ ಅಜ್ಜಿಯರ, ಕನ್ನಡಿ ಕೂಡಿಸಿ ಕಸೂತಿ ಹಾಕುವ ಲಂಬಾಣಿ ತಾಯಂದಿರ ಸೀಮೆ ನಮ್ಮದು. ಆದರೂ ಪೇಟೆಯಲ್ಲಿ ಯಂತ್ರದ ಗೊಂಬೆಗೆ ಕೇಳಿದಷ್ಟು ಕೊಡುವ ನಾವು, ಕೈಗೆಲಸದೆದುರು ಚೌಕಾಶಿಗಿಳಿಯುತ್ತೇವೆ. ನೂಲಿನ ಬೆಲೆಯನ್ನು ಎಣಿಸುತ್ತೇವೆ, ದುಡಿಮೆಯ ದಿನಗಳನ್ನು ಎಣಿಸೆವು.

ಆದ್ದರಿಂದ ಕಲಬುರಗಿಯಲ್ಲಾಗಲಿ ಕಮಲಾಪುರದಲ್ಲಾಗಲಿ, ಶಾಲೆಗಳು ವಾರಕ್ಕೊಂದು ಅವಧಿಯನ್ನು ಇದಕ್ಕೆ ಮೀಸಲಿಡಲಿ. ಬಾಲಕಿಯರೊಡನೆ ಬಾಲಕರೂ ಕಲಿಯಲಿ. ದಾನಿಗಳು ನೂಲು, ಸೂಜಿ ಒದಗಿಸಿದರೆ ಸಾಕು. ತಾನೇ ಹೆಣೆದು ಬಲ್ಲವನು ಪರರ ಶ್ರಮವನ್ನು ಅಗ್ಗಕ್ಕೆ ಕೇಳಲಾರನು.